ಎರಡೂ ದಡದಲ್ಲಿ ಒಂದೇ ನಂಬರು

ಸ್ತಮೆಂಕಾ ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನಮ್ಮೂರ ಆಸ್ಪತ್ರೆಯಲ್ಲಿ ಅವಳ ಹೆಸರೆತ್ತಿದರೆ ಯಾರೇ ಆಗಲಿ ಮೊದಲು ಆಡುವ ಮಾತೂ ಇದೇ. ಮನೆಯಿಂದ ಹೊರಟವಳು ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ವಾಪಸು ಓಡುತ್ತಾಳೆ. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಸಂಜೆ ಸರ್ವರ್ ಕೋಣೆಗೆ ಬೀಗ ಹಾಕಿ, ಜಗ್ಗಿ ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಹೋಗಿ ಜಗ್ಗಿ ನೋಡುತ್ತಾಳೆ. ಕೆಳಗೆ ಕಾವಲಿನವನು ಕಾದಿದ್ದು, "ಏನು ಸ್ತಮೆಂಕಕ್ಕ, ಬೀಗ ಇನ್ನೂ ಅಲ್ಲೇ ಇದ್ಯಾ?" ಎಂದು ದಿನಾ ಕೇಳುತ್ತಾನೆ, ದಿನಾ ನಗುತ್ತಾನೆ. ನಗುವವರಿಗೇನು, ಅವರ ಕೈಯಲ್ಲಿ ಯಾರ ಪ್ರಾಣವೂ ಇಲ್ಲ.

ಈ ಹೆದರಿಕೆ ಅವಳಿಗೆ ಅಪ್ಪನಿಂದ ಬಂದದ್ದು. ಅವಳಪ್ಪ ಸ್ವೆತೋಮಿರ್, ಮೊರಾವಾ ನದಿಯ ಬಲದಂಡೆಯ ಒಂದು ಸಣ್ಣ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರನಾಗಿದ್ದ. ನಿಲ್ದಾಣ ನಿಲ್ದಾಣಗಳ ನಡುವೆ ಇದ್ದದ್ದು ಒಂದೇ ಹಳಿ. ಹೋಗುವ ರೈಲೂ ಬರುವ ರೈಲೂ ಅದರ ಮೇಲೆಯೇ. ರೈಲು ಬಿಡುವ ಮುಂಚೆ ಮುಂದಿನ ನಿಲ್ದಾಣಕ್ಕೆ ಫೋನು ಮಾಡಿ ಹಳಿ ಖಾಲಿ ಇದೆಯಾ ಎಂದು ಕೇಳಬೇಕು. ಅಲ್ಲಿಯವನು ಖಾಲಿ ಇದೆ, ಕಳಿಸು ಎನ್ನಬೇಕು. ಅಪ್ಪ ಆ ಮಾತನ್ನು ತಿರುಗಿ ಹೇಳಿ, ಪುಸ್ತಕದಲ್ಲಿ ಬರೆದು, ಆಮೇಲೆ ಕೆಂಪು ಟೊಪ್ಪಿಗೆ ಹಾಕಿಕೊಂಡು ಹೊರಗೆ ಬರಬೇಕು.

ಸ್ತಮೆಂಕಾಗೆ ಒಂಬತ್ತು ವರ್ಷವಿದ್ದಾಗ, ಒಂದು ಚಳಿಗಾಲದ ಬೆಳಿಗ್ಗೆ, ಅಪ್ಪ ಫೋನು ಮಾಡಿದರೆ ಆ ಕಡೆ ಎತ್ತುವವರಿಲ್ಲ. ರೈಲಿನ ತುಂಬ ಸಂತೆಗೆ ಹೊರಟ ಜನ. ಕಿಟಕಿ ಕಿಟಕಿಯಿಂದ ಬೈಗುಳ. ಚಾಲಕನೇ ಇಳಿದು ಬಂದು, "ಅವನು ಕುಡ್ದು ಬಿದ್ದಿರ್ತಾನೆ ಮಾರಾಯ, ಬಿಡು ನನ್ನ. ಉತ್ತರ ಇಲ್ಲ ಅಂದ್ರೆ ಹಳಿ ಮೇಲೂ ಏನೂ ಇಲ್ಲ ಅಂತ" ಎಂದ.

"ಉತ್ತರ ಇಲ್ಲ ಅಂದ್ರೆ ಉತ್ತರ ಇಲ್ಲ ಅಂತ," ಎಂದ ಅಪ್ಪ. "ಅಷ್ಟೇ."

ನಲವತ್ತು ನಿಮಿಷವಾದ ಮೇಲೆ ಮಂಜಿನೊಳಗಿಂದ ಇಟ್ಟಿಗೆ ತುಂಬಿದ ನಾಲ್ಕು ಡಬ್ಬಿಗಳು, ಎಂಜಿನ್ನಿಲ್ಲದೆ, ಇಳಿಜಾರಿನಲ್ಲಿ ತಾವೇ ಉರುಳಿಕೊಂಡು ಬಂದವು. ಆ ಕಡೆಯ ಮಾಸ್ತರ ಅವುಗಳ ಹಿಂದೆ ಓಡಿಹೋಗಿದ್ದ, ಅದಕ್ಕೇ ಫೋನು ಎತ್ತಿರಲಿಲ್ಲ. ಅಪ್ಪ ಅವನ್ನು ನಿಲ್ದಾಣದ ಪಕ್ಕದ ಕುರುಡು ಹಳಿಗೆ ತಿರುಗಿಸಿ ಮರಳಿನ ದಿಬ್ಬಕ್ಕೆ ಹತ್ತಿಸಿದ. ಆಮೇಲೆ ಒಳಗೆ ಬಂದು ಒಂದು ಲೋಟ ರಾಕಿಯಾ, ಹಣ್ಣಿನ ಸಾರಾಯಿ, ಹುಯ್ದುಕೊಂಡ. ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ಮೇಜಿನ ಮೇಲೆ ಚೆಲ್ಲಿತು. ಅಪ್ಪನೂ ಹೆದರುತ್ತಾನೆ ಎಂದು ಅವಳಿಗೆ ಗೊತ್ತಾದದ್ದು ಆವತ್ತು.

ಸರಿ, ಈಗ ಆಸ್ಪತ್ರೆಯ ವಿಷಯ. ದೊಡ್ಡ ನೆರೆ ಬಂದ ವರ್ಷ ನೆಲಮಾಳಿಗೆಯಲ್ಲಿದ್ದ ಸರ್ವರ್ ಮುಳುಗಿ ಹೋಯಿತು. ಎರಡು ವಾರ ಊರಿನ ರೋಗಿಗಳೆಲ್ಲ ಕಾಗದದ ಚೀಟಿಗಳ ಮೇಲೆ ಬದುಕಿದರು. ಆಮೇಲೆ ನಿರ್ದೇಶಕರು ಹುಕುಂ ಹೊರಡಿಸಿದರು: ಸರ್ವರ್ ಎರಡು ಇರಬೇಕು. ಒಂದು ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಇನ್ನೊಂದು ನದಿಯಾಚೆ ಗುಡ್ಡದ ಮೇಲಿನ ಚಿಕಿತ್ಸಾಲಯದಲ್ಲಿ. ಇದು ಬಿದ್ದರೆ ಅದು ಎದ್ದು ನಿಲ್ಲಬೇಕು. ಆಚೆ ದಡದ ಸರ್ವರ್ ನೋಡಿಕೊಳ್ಳಲು ಚೆದೋಮಿರ್ ಎಂಬವನನ್ನು ಹಾಕಿದರು. ನಲವತ್ತರ ಆಸುಪಾಸಿನ ನಗೆಗಾರ. ಊರೆಲ್ಲ ಅವನನ್ನು ಚೆದಾ ಎನ್ನುತ್ತದೆ.

ಏರ್ಪಾಡು ಸರಳವಾಗಿತ್ತು. ಎರಡು ಸರ್ವರ್‌ಗಳು ತಂತಿಯ ಮೇಲೆ ಸೆಕೆಂಡಿಗೊಮ್ಮೆ ಒಂದನ್ನೊಂದು ಕೇಳುತ್ತವೆ: ಇದ್ದೀಯಾ? ಇದ್ದೀನಿ. ಉತ್ತರ ನಿಂತುಹೋದರೆ ಆ ಕಡೆಯದು ಸತ್ತಿದೆಯೋ, ನಡುವಿನ ತಂತಿ ಮಾತ್ರ ಕಡಿದಿದೆಯೋ ಎಂದು ತಿಳಿಯುವ ಬಗೆಯಿಲ್ಲ. ಸ್ತಮೆಂಕಾಗೆ ನಿದ್ದೆ ಕೆಡಿಸಿದ್ದು ಇದೇ. ತಂತಿ ಕಡಿದು ಎರಡೂ ಬದುಕಿದ್ದರೆ, ಎರಡೂ ತಾನೇ ಯಜಮಾನ ಎಂದುಕೊಂಡರೆ? ಅದಕ್ಕೇ ಮೂರನೆಯ ಕಡೆ ಒಂದು ಸಣ್ಣ ಪೆಟ್ಟಿಗೆ ಇಡಬೇಕು. ಎರಡರಲ್ಲಿ ಯಾರು ನಡೆಸಬೇಕು, ಯಾರು ನಿಲ್ಲಬೇಕು ಎಂದು ಅದು ಹೇಳುತ್ತದೆ. ಇವರು ಅದಕ್ಕೆ ಮೂರನೆಯವನು ಎಂದು ಹೆಸರಿಟ್ಟರು.

ಮೂರನೆಯ ಕಡೆ ಎಲ್ಲಿತ್ತು ನಮ್ಮೂರಲ್ಲಿ? ಶಾಲೆಯವರು ಬೇಡ ಎಂದರು, ಅಂಚೆಯವರು ಅರ್ಜಿ ಕೇಳಿದರು. ಕೊನೆಗೆ ಚೆದಾ, "ನಮ್ಮನೇಲಿಡಿ ಅಕ್ಕ, ಅಮ್ಮ ದಿನಾ ಧೂಳು ಹೊಡೀತಾಳೆ, ಆಸ್ಪತ್ರೆಗಿಂತ ಚೊಕ್ಕಟವಾಗಿರುತ್ತೆ" ಎಂದ. ಹೀಗೆ ಇಡೀ ತಾಲ್ಲೂಕಿನ ರೋಗಿಗಳ ಮೂರನೆಯವನು ಚೆದಾನ ಮನೆಯ ನಡುಕೋಣೆಯಲ್ಲಿ, ಮೂಡಣ ಗೋಡೆಯ ಕಪಾಟಿನ ಮೇಲೆ, ಸಂತನ ಪಟದ ಕೆಳಗೆ ಹಸಿರು ಕಣ್ಣು ಮಿಟುಕಿಸುತ್ತ ಕುಳಿತ. ನಮ್ಮಲ್ಲಿ ಕೆಲಸಗಳು ಆಗುವುದೇ ಹೀಗೆ.

ಸ್ತಮೆಂಕಾ ಬರೆದ ನಿಯಮ ಅಪ್ಪನದು. ಎದುರಿನವನ ದನಿಯೂ ಇಲ್ಲ, ಮೂರನೆಯವನ ದನಿಯೂ ಇಲ್ಲ ಎಂದಾದರೆ, ನಿಂತುಬಿಡು. ನವೆಂಬರಿನಲ್ಲಿ ಮೊದಲ ಪರೀಕ್ಷೆ ಮಾಡಿದಾಗ ಅಂದೇ ಚೆದಾನ ಮನೆಯ ಇಂಟರ್ನೆಟ್ ಕೈಕೊಟ್ಟಿತ್ತು. ಎರಡೂ ಸರ್ವರ್ ಹೇಳಿದ ಹಾಗೆ ನಿಂತವು. ಆಸ್ಪತ್ರೆ ಹನ್ನೊಂದು ನಿಮಿಷ ಕುರುಡಾಯಿತು. ನಿರ್ದೇಶಕರು ಮೂವತ್ತು ಜನರ ಮುಂದೆ ಅವಳನ್ನು ನಿಲ್ಲಿಸಿಕೊಂಡರು.

"ಒಂದು ಬೀಳಬಾರದು ಅಂತ ಎರಡು ತರಿಸಿದ್ವಿ. ಈಗ ಎರಡೂ ಬೀಳ್ತವೆ ಅಂದ್ರೆ ಏನಮ್ಮಾ ಇದು ತಮಾಷೆ? ನಿಮ್ಮ ಹೆದರಿಕೆಗೆಲ್ಲ ಆಸ್ಪತ್ರೆ ನಿಲ್ಲಿಸೋಕಾಗುತ್ತಾ?"

ಮಾರನೆಯ ದಿನ ಅವಳು ಕೂತು ಒಂದೇ ಒಂದು ಸಾಲು ಬದಲಿಸಿದಳು. ಮೂರನೆಯವನೂ ಮಾತಾಡದಿದ್ದರೆ, ನಿಲ್ಲಬೇಡ, ನಡೆಸಿಕೊಂಡು ಹೋಗು. ಬದಲಿಸುವಾಗ ಅಪ್ಪನ ಮುಖ ನೆನಪಾಯಿತು, ನೆನಪಾದರೂ ಬದಲಿಸಿದಳು. ಬೈಸಿಕೊಳ್ಳುವ ಹೆದರಿಕೆ ಉಳಿದೆಲ್ಲ ಹೆದರಿಕೆಯನ್ನೂ ಹಿಂದೆ ತಳ್ಳಿತ್ತು.

ಎರಡನೆಯ ಪರೀಕ್ಷೆಗೆ ಅವಳೇ ಆರಿಸಿದ್ದು ಡಿಸೆಂಬರ್ ಹತ್ತೊಂಬತ್ತು, ಸಂತ ನಿಕೋಲನ ದಿನ. ಆವತ್ತು ಅರ್ಧ ಊರಿನ ಮನೆಗಳಲ್ಲಿ ಸ್ಲಾವಾ, ಮನೆದೇವರ ಹಬ್ಬ. ಉಳಿದರ್ಧ ಊರು ಅವರ ಮನೆಗೆ ನೆಂಟರು. ಯಾರೂ ಕರೆಯುವುದಿಲ್ಲ, ಎಲ್ಲರೂ ಹೋಗುತ್ತಾರೆ. ಆಸ್ಪತ್ರೆಯಲ್ಲಿ ಮೊದಲೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆ ಒಂದೂ ಇರುವುದಿಲ್ಲ. ಇದಕ್ಕಿಂತ ತಣ್ಣಗಿರುವ ದಿನ ಎಲ್ಲಿ ಸಿಗಬೇಕು? ಚೆದಾನ ಮನೆಯಲ್ಲೂ ಸ್ಲಾವಾ. ಯಜಮಾನ ಮನೆಯಲ್ಲಿ ನಿಂತು ಬಂದವರನ್ನು ಉಪಚರಿಸಬೇಕು. ಆದರೂ ಅವನು ಮುಂಜಾನೆಯೇ ಚಿಕಿತ್ಸಾಲಯಕ್ಕೆ ಬಂದು ಕೂತಿದ್ದ, ಮೂರು ಗಂಟೆಗೆ ಮನೆಗೆ ಮರಳುತ್ತೇನೆಂದು ತಾಯಿಗೆ ಮಾತು ಕೊಟ್ಟು.

ಬೆಳಿಗ್ಗೆ ಎಂಟಕ್ಕೆ ಸ್ತಮೆಂಕಾ ತಾನೇ ನೋಡಿದ್ದಳು, ಮೂರನೆಯವನು ಉತ್ತರ ಕೊಟ್ಟಿದ್ದ. ಎರಡು ಗಂಟೆಗೆ ಐದು ನಿಮಿಷವಿರುವಾಗ ಮೇಜಿನ ಫೋನಿನಲ್ಲಿ ಚೆದಾನನ್ನು ಕೇಳಿದಳು, "ಮೂರನೆಯವನನ್ನ ಇನ್ನೊಂದ್ಸಲ ನೋಡಿದ್ಯೇನೋ?"

"ನಮ್ಮನೇಲೇ ಇದಾನಲ್ಲಕ್ಕ, ನಮ್ಮಮ್ಮನ ಕಣ್ಣು ತಪ್ಪಿಸಿ ಎಲ್ಲಿ ಹೋಗ್ತಾನೆ? ನೆಂಟರು ತಿಂದು ಮುಗಿಸೋದ್ರೊಳಗೆ ನನ್ನ ಮನೆಗೆ ಕಳ್ಸಿ."

ಇದು ಉತ್ತರವಲ್ಲ. ಅವಳಿಗೂ ಗೊತ್ತಿತ್ತು. ಇನ್ನೊಮ್ಮೆ ಕೇಳಿದರೆ ಅವನು ನಗುತ್ತಾನೆ ಎಂದು ಸುಮ್ಮನಾದಳು. ಎರಡಕ್ಕೆ ಸರಿಯಾಗಿ ನಡುವಿನ ತಂತಿಯನ್ನು ತನ್ನ ಕೈಯಾರೆ ಕಿತ್ತಳು, ಮೂರನೆಯವನು ಆಸ್ಪತ್ರೆಯದನ್ನು ನಿಲ್ಲಿಸಿ ಆಚೆ ದಡದ್ದನ್ನು ಏಳಿಸುತ್ತಾನೆಂದು.

ಮೂವತ್ತು ಸೆಕೆಂಡು. ಆಮೇಲೆ ಫೋನಿನಲ್ಲಿ ಚೆದಾನ ಕೇಕೆ. "ಎದ್ದಿತು ಅಕ್ಕ! ನಮ್ಮದು ಎದ್ದು ನಿಂತ್ಕೊಂಡಿತು, ಕುದುರೆ ಹಾಗೆ! ಒಬ್ಬರದೂ ಕೆಲಸ ನಿಲ್ಲಲಿಲ್ಲ."

ಸ್ತಮೆಂಕಾ ಗೋಡೆಗೊರಗಿದಳು. ಯಾರೂ ಬೈಯುವುದಿಲ್ಲ ಎಂಬುದೇ ಅವಳಿಗೆ ದೊಡ್ಡ ಸಂತೋಷ. ಅರ್ಧ ಗಂಟೆ ಹಾಗೇ ಬಿಟ್ಟು ನೋಡೋಣ ಎಂದು ಮಾತಾಗಿತ್ತು. ಅವಳು ಕಾಫಿ ಕಾಸಿಕೊಂಡು, ಯಾರೋ ಮನೆಯಿಂದ ತಂದಿಟ್ಟಿದ್ದ ಅಕ್ರೋಟಿನ ಸಿಹಿಯೊಂದನ್ನು ಬಾಯಿಗೆ ಹಾಕಿಕೊಂಡಳು.

ಎರಡೂವರೆಗೆ ರಕ್ತ ಪರೀಕ್ಷೆಯ ಲ್ಯುಬಿಂಕಾ ಬಾಗಿಲಲ್ಲಿ ತಲೆ ಹಾಕಿದಳು. ಹಬ್ಬವೆಂದು ಆವತ್ತು ಅವಳೊಬ್ಬಳೇ ಇದ್ದಳು.

"ಅಕ್ಕ, ಪರೀಕ್ಷೆ ಗಿರೀಕ್ಷೆ ಅಂತಿದ್ರಲ್ಲ, ನಮಗೇನೂ ತೊಂದ್ರೆನೇ ಆಗಲಿಲ್ಲ. ನೋಡಿ, ಇದು ಈಗ ತಾನೇ ಬಂದಿದ್ದು," ಎಂದು ಒಂದು ಚೀಟಿ ತೋರಿಸಿದಳು. ರಕ್ತದ ಕೊಳವೆಗೆ ಅಂಟಿಸುವ ಚೀಟಿ. ನಂಬರು 4471.

ಸ್ತಮೆಂಕಾ ಚೀಟಿಯನ್ನೇ ನೋಡಿದಳು. ಲ್ಯುಬಿಂಕಾಳ ಚೀಟಿಗೆ ನಂಬರು ಕೊಡುವುದು ಆಸ್ಪತ್ರೆಯ ಸರ್ವರ್, ಅದು ಈಗ ನಿಂತಿರಬೇಕಿತ್ತು. ನಿಂತ ಸರ್ವರ್ ಹೊಸ ನಂಬರು ಕೊಡುವುದಿಲ್ಲ. ಫೋನು ಎತ್ತಿಕೊಂಡಳು.

"ಚೆದಾ, ನಿಮ್ಮಲ್ಲಿ ಕೊನೇ ನಂಬರು ಎಷ್ಟು?"

"ಇರಿ... ನಾಕು ಸಾವಿರದ ನಾನೂರ ಎಪ್ಪತ್ತೊಂದು. ಯಾಕಕ್ಕ?"

ಎರಡೂ ಬದುಕಿದ್ದವು, ಎರಡೂ ಅರ್ಧ ಗಂಟೆಯಿಂದ ಒಂದೇ ಪಟ್ಟಿಯಿಂದ ನಂಬರು ಹಂಚುತ್ತಿದ್ದವು. ತಂತಿ ಕೀಳುವಾಗ ಕೊನೆಯ ನಂಬರು 4464. ಅಂದರೆ ಏಳು ನಂಬರು, ಹದಿನಾಲ್ಕು ಜನ. ಚಿಕಿತ್ಸಾಲಯದಲ್ಲಿ ತೆಗೆದ ರಕ್ತವೂ ಕಾರಿನಲ್ಲಿ ಸೇತುವೆ ದಾಟಿ ಪರೀಕ್ಷೆಗೆ ಬರುವುದು ಲ್ಯುಬಿಂಕಾಳ ಹತ್ತಿರಕ್ಕೇ.

"ಆಚೆಯಿಂದ ಕಾರು ಬಂತಾ?"

"ಬಂದು ಕಾಲು ಗಂಟೆ ಆಯ್ತು. ಮೆಷಿನ್ನಿಗೂ ಹಾಕಿದ್ದಾಯ್ತು." ಲ್ಯುಬಿಂಕಾ ನಗುವುದನ್ನು ನಿಲ್ಲಿಸಿದಳು. "ಏನಾಯ್ತು ಅಕ್ಕ? ಯಾಕೆ ಹೀಗೆ ಬೆಳ್ಳಗಾದ್ರಿ?"

"ರಕ್ತ ಯಾರಿಗಾದ್ರೂ ಕೊಟ್ರಾ? ಈ ಅರ್ಧ ಗಂಟೇಲಿ ಚೀಲ ಹೊರಗೆ ಹೋಯ್ತಾ?"

"ಹೆರಿಗೆ ವಾರ್ಡಿಗೆ ಒಂದು. ತಿಯಾನಾ ಅಂತ, ಹೆತ್ತ ಮೇಲೆ ರಕ್ತ ನಿಲ್ತಿಲ್ಲ ಆ ಹುಡುಗೀಗೆ. ಅರವತ್ತೆಂಟು... 4468. ಈಗ ತಾನೇ ದಾದಿ ತಗೊಂಡು ಹೋದ್ಲು."

ಫೋನಿನಲ್ಲಿ ಚೆದಾ ಇನ್ನೂ ಇದ್ದ. "ನಮ್ಮ 4468 ಒಬ್ಬ ಮುದುಕ ಅಕ್ಕ," ಎಂದ. ಅವನ ದನಿಯಲ್ಲಿ ನಗೆಯ ಗುರುತೂ ಇರಲಿಲ್ಲ. "ಮೆಟ್ಟಿಲಿಂದ ಬಿದ್ದವನು."

ಮೆಷಿನ್ನು ಹೆಸರು ಓದುವುದಿಲ್ಲ, ಚೀಟಿಯ ಮೇಲಿನ ನಂಬರಿನ ಗೆರೆ ಓದುತ್ತದೆ. ಆಸ್ಪತ್ರೆಯ ಸರ್ವರ್‌ಗೆ ಗೊತ್ತಿದ್ದ 4468 ತಿಯಾನಾ ಒಬ್ಬಳೇ. ಎರಡು ಕೊಳವೆ ಬಂದರೆ ಎರಡೂ ಅವಳದೇ ಎಂದುಕೊಂಡು, ಕೊನೆಗೆ ಓದಿದ್ದನ್ನು ಅವಳ ರಕ್ತದ ಗುಂಪು ಎಂದು ಬರೆದಿಡುತ್ತದೆ. ಕೊನೆಗೆ ಓದಿದ್ದು ಕಾರಿನಲ್ಲಿ ಬಂದ ಮುದುಕನ ಕೊಳವೆ.

"ಪವರ್ ಕೀಳು!" ಎಂದು ಅವಳು ಫೋನಿನಲ್ಲಿ ಕಿರುಚಿದಳು. "ನಿನ್ನದನ್ನ ಕೀಳು, ಕೇಳದೆ ಕೀಳು. ಕಿತ್ತೆ ಅಂತ ಬಾಯಿಬಿಟ್ಟು ಹೇಳು!"

"ಕಿತ್ತೆ ಅಕ್ಕ. ಕಿತ್ತೆ."

ತನ್ನದನ್ನೂ ಕಿತ್ತಳು. ಆಸ್ಪತ್ರೆಯ ಪರದೆಗಳೆಲ್ಲ ಒಟ್ಟಿಗೆ ಕಪ್ಪಾದವು. ನಿರ್ದೇಶಕರು, ಮೂವತ್ತು ಜನ, ಬೈಗುಳ, ಯಾವುದೂ ಅವಳಿಗೆ ನೆನಪಾಗಲಿಲ್ಲ. ಹೆರಿಗೆ ವಾರ್ಡಿಗೆ ಫೋನು ಮಾಡಿದಳು. ಹೊಡೆಯಿತು, ಹೊಡೆಯಿತು, ಎತ್ತುವವರಿಲ್ಲ. ಅವಳು ಕಾಯಲಿಲ್ಲ. ಐವತ್ತೇಳು ವರ್ಷದ ಹೆಂಗಸು, ಬಸ್ಸಿಗೂ ಓಡಿದರೆ ಏದುಸಿರು ಬಿಡುವವಳು, ಮೂರು ಮಹಡಿ ಹತ್ತಿ ಓಡಿದಳು. ಓಡುವಾಗ ಬಾಯಲ್ಲಿ ಬಂದದ್ದು ಒಂದೇ ಮಾತು, ನಾನು ಬದಲಿಸಿದ ಸಾಲು, ನಾನು ಬದಲಿಸಿದ ಸಾಲು.

ಬಾಗಿಲು ತಳ್ಳಿದಾಗ ರಕ್ತದ ಚೀಲ ಕಂಬಿಗೆ ನೇತಾಡುತ್ತಿತ್ತು. ದಾದಿ ಕೊಳವೆಯನ್ನು ಸೂಜಿಗೆ ಸೇರಿಸಲು ಬಗ್ಗಿದ್ದಳು. ಮಂಚದ ಮೇಲಿದ್ದ ಹುಡುಗಿಯ ತುಟಿ ಗೋಡೆಯ ಬಣ್ಣಕ್ಕೆ ತಿರುಗಿತ್ತು.

"ಮುಟ್ಬೇಡಿ! ಆ ನಂಬರು ಸುಳ್ಳು!"

ಡಾಕ್ಟರ್ ವುಕಾಶಿನ್ ತಿರುಗಿದ. ಒಳ್ಳೆಯ ಡಾಕ್ಟರು, ಆದರೆ ಮೂಗಿನ ತುದಿಯಲ್ಲಿ ಕೋಪ. "ಯಾರ್ರೀ ಒಳಗೆ ಬಿಟ್ಟಿದ್ದು ಇವರನ್ನ? ಈ ಹುಡುಗಿ ಸಾಯ್ತಿದಾಳೆ, ನಿಮಗೆ ಕಂಪ್ಯೂಟರ್ ಚಿಂತೆ!"

"ಒಂದೇ ನಂಬರು ಇಬ್ಬರಿಗೆ ಬಿದ್ದಿದೆ ಡಾಕ್ಟ್ರೇ. ತಪ್ಪು ನಂದು. ಬೆರಳಿಂದ ಒಂದು ತೊಟ್ಟು ತೆಗೆದು ಇಲ್ಲೇ ನೋಡಿ. ನೋಡೋ ತನಕ ನಾನು ಇಲ್ಲಿಂದ ಕದಲಲ್ಲ." ಹಾಗೆಂದು ಚೀಲಕ್ಕೂ ಮಂಚಕ್ಕೂ ನಡುವೆ ನಿಂತಳು. ನಿಂತಳೆಂದರೆ, ನಿಲ್ಲಲಾಗದೆ ಕಂಬಿಯನ್ನೇ ಹಿಡಿದುಕೊಂಡಿದ್ದಳು. ಅವಳ ನಡುಕಕ್ಕೆ ಕಂಬಿಯೂ ಚೀಲವೂ ಅಲುಗಾಡುತ್ತಿದ್ದವು.

ಆ ನಡುಕ ನೋಡಿಯೇ ಇರಬೇಕು, ವುಕಾಶಿನ್ ಮುಂದಿನ ಬೈಗುಳ ನುಂಗಿದ. "ಗುಂಪು ನೋಡೋ ಚೀಟಿ ತನ್ನಿ," ಎಂದ ದಾದಿಗೆ. ಬೆರಳು ಚುಚ್ಚಿ, ಗಟ್ಟಿ ಕಾಗದದ ಮೇಲಿನ ವೃತ್ತಗಳಲ್ಲಿ ರಕ್ತದ ತೊಟ್ಟು ಕಲಸಿದರು. ಎರಡು ನಿಮಿಷ. ಮೊದಲ ವೃತ್ತ ಹಾಗೇ ಉಳಿಯಿತು. ಎರಡನೆಯದೂ ಹಾಗೇ. ಎಲ್ಲೂ ರಕ್ತ ಗಂಟುಗಟ್ಟಲಿಲ್ಲ, ಅಂದರೆ ಹುಡುಗಿಯದು ಓ ಗುಂಪು. ಚೀಲದ ಮೇಲೆ ಇದ್ದದ್ದು ಎ.

ದಾದಿ ಶಿಲುಬೆಯ ಗುರುತು ಮಾಡಿಕೊಂಡಳು. ವುಕಾಶಿನ್ ಚೀಲವನ್ನು ಕಂಬಿಯಿಂದ ಇಳಿಸಿ, ಒಂದು ಕ್ಷಣ ಕೈಯಲ್ಲಿ ಹಿಡಿದು ನೋಡಿ, "ಓ ತನ್ನಿ, ಎರಡು, ಓಡಿ" ಎಂದ. ಸ್ತಮೆಂಕಾಳ ಕಡೆ ತಿರುಗಿ ನೋಡಲಿಲ್ಲ. ಅವಳಿಗೂ ಅದು ಬೇಕಾಗಿರಲಿಲ್ಲ.

ಆಮೇಲಿನ ಎರಡು ಗಂಟೆ ಅವಳೂ ಲ್ಯುಬಿಂಕಾಳೂ ಹದಿನಾಲ್ಕು ಕೊಳವೆಗಳನ್ನು ಸಾಲಾಗಿ ಇಟ್ಟುಕೊಂಡು, ಪ್ರತಿಯೊಂದಕ್ಕೂ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಗಟ್ಟಿಯಾಗಿ ಓದಿದರು. ಆಚೆ ದಡದಲ್ಲಿ ಚೆದಾ ಫೋನಿನಲ್ಲಿ ತಿರುಗಿ ಓದಿದ. ಅವನು ತಿರುಗಿ ಹೇಳದ ಒಂದನ್ನೂ ಅವಳು ಗುರುತು ಹಾಕಲಿಲ್ಲ. ಬೇರೆ ಯಾರಿಗೂ ತಪ್ಪು ರಕ್ತ ಹೋಗಿರಲಿಲ್ಲ. ಬದಲಿಸಿದ ಸಾಲನ್ನು ಮೊದಲಿನ ಹಾಗೆ ಮಾಡಿ, ವರದಿಯಲ್ಲಿ ತನ್ನ ಹೆಸರನ್ನೇ ಬರೆದು ನಿರ್ದೇಶಕರ ಮೇಜಿನ ಮೇಲಿಟ್ಟಳು.

ಸಂಜೆ ಆರಕ್ಕೆ ಸೇತುವೆ ದಾಟಿ ಚೆದಾನ ಮನೆಗೆ ಹೋದಳು. ಸ್ಲಾವಾಕ್ಕೆಂದು ಹೋದಳೋ, ಮೂರನೆಯವನನ್ನು ನೋಡಲೆಂದು ಹೋದಳೋ, ಅವಳಿಗೇ ಗೊತ್ತಿರಲಿಲ್ಲ. ಮನೆ ತುಂಬ ಜನ, ಮೀನಿನ ವಾಸನೆ. ಸಂತನ ಪಟದ ಕೆಳಗೆ, ಪೆಟ್ಟಿಗೆಯಿದ್ದ ಜಾಗದಲ್ಲಿ, ಮೊಣಕೈಯುದ್ದದ ಮೇಣದ ಬತ್ತಿ ಉರಿಯುತ್ತಿತ್ತು. ಹಬ್ಬದ ಬತ್ತಿ, ಅದನ್ನು ಊದಿ ಆರಿಸುವಂತಿಲ್ಲ. ಪೆಟ್ಟಿಗೆ ಕಪಾಟಿನೊಳಗೆ, ಮಡಿಚಿಟ್ಟ ಮೇಜಿನ ಬಟ್ಟೆಗಳ ಮೇಲೆ, ತಂತಿ ಸುತ್ತಿಕೊಂಡು ಮಲಗಿತ್ತು. ಮೂಲೆಯಲ್ಲಿ ಚೆದಾ ತಲೆ ತಗ್ಗಿಸಿ ನಿಂತಿದ್ದ.

ಅವನ ತಾಯಿ ಪೆರ್ಸಿದಾ, ಎಂಬತ್ತರ ಮುದುಕಿ, ಬಂದವಳ ಕೈಗೆ ಪದ್ಧತಿಯಂತೆ ಒಂದು ಚಮಚ ಸಿಹಿ ಗೋಧಿ ಕೊಟ್ಟಳು. ಆಮೇಲೆ ಹತ್ತಿರ ಸರಿದಳು.

"ಇವನು ಮನೆಗೆ ಬಂದಾಗಿಂದ ನನ್ನ ಮುಖ ನೋಡ್ತಿಲ್ಲ. ನಾನೇ ಕಿತ್ತಿಟ್ಟೆ ಮಗಳೇ ಅದನ್ನ. ಸಂತನ ಮುಂದೆ ಕಣ್ಣು ಹೊಡೀತಾ ಕೂತಿತ್ತು, ಬತ್ತಿ ಎಲ್ಲಿಡ್ಲಿ? ಮೀನು ಬಿಸಿ ಮಾಡೋ ಒಲೆಗೆ ಪ್ಲಗ್ಗೂ ಬೇಕಿತ್ತು. ಹಾಗಂತ ಕೇಳ್ದೆ ಮಾಡಿದೋಳಲ್ಲ ನಾನು. ಹನ್ನೊಂದು ಗಂಟೆಗೆ ಇವನಿಗೆ ಮೂರ್ಸಲ ಫೋನ್ ಮಾಡ್ದೆ. ಎತ್ತಲಿಲ್ಲ. ಬೇಡ ಅನ್ನೋ ಹಾಗಿದ್ರೆ ಎತ್ತಿ ಬೇಡ ಅಂತಿದ್ದ, ಅಲ್ವಾ? ಏನೂ ಅನ್ಲಿಲ್ಲ ಅಂದ್ಮೇಲೆ ಪರವಾಗಿಲ್ಲ ಅಂದ್ಕೊಂಡೆ. ತಪ್ಪಾಯ್ತಾ?"

ಸ್ತಮೆಂಕಾ ಮುದುಕಿಯ ಕೈ ಹಿಡಿದುಕೊಂಡು, "ನಾನೂ ಹಾಗೇ ಅಂದ್ಕೊಂಡೆ ಅಮ್ಮಾ," ಎಂದಳು. "ನಾನು ಓದಿದೋಳು, ಬರೆದು ಬೇರೆ ಇಟ್ಟಿದ್ದೆ."

ಆಮೇಲೆ ಚೆದಾನ ಫೋನು ಇಸಿದುಕೊಂಡು ಹೆರಿಗೆ ವಾರ್ಡಿಗೆ ಮಾಡಿದಳು. ಹೊಡೆಯಿತು, ಹೊಡೆಯಿತು. "ಹಬ್ಬ ಅಲ್ವಾ ಅಕ್ಕ," ಎಂದ ಚೆದಾ ಮೆಲ್ಲಗೆ, "ಕೆಟ್ಟದ್ದೇನಾದ್ರೂ ಆಗಿದ್ರೆ ಅವರೇ ಹೇಳಿ ಕಳಿಸ್ತಿದ್ರು. ಕೂತ್ಕೊಳ್ಳಿ, ಊಟ ಮಾಡಿ."

ಅವಳು ಕೋಟು ಹಾಕಿಕೊಂಡಳು. ಸೇತುವೆಯ ಮೇಲೆ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಬಸ್ಸಿರಲಿಲ್ಲ, ಇಪ್ಪತ್ತೈದು ನಿಮಿಷ ನಡೆದಳು. ಐದು ಮಹಡಿ ಹತ್ತಿ ವಾರ್ಡಿನ ಬಾಗಿಲು ತೆರೆದಳು. ಹುಡುಗಿ ಕಣ್ಣು ಮುಚ್ಚಿ ಮಲಗಿದ್ದಳು.

"ತಿಯಾನಾ?"

ಏನೂ ಇಲ್ಲ. ಸ್ತಮೆಂಕಾ ಮಂಚದ ಕಂಬಿ ಹಿಡಿದು, ಇನ್ನೊಮ್ಮೆ, ಗಟ್ಟಿಯಾಗಿ ಕರೆದಳು.

"ಹೂಂ?" ಎಂದಳು ಹುಡುಗಿ ಕಣ್ಣು ಬಿಟ್ಟು. ತುಟಿಗೆ ಸ್ವಲ್ಪ ಬಣ್ಣ ಬಂದಿತ್ತು. "ಯಾರು ನೀವು? ಏನು ಬೇಕು?"

"ಏನಿಲ್ಲಮ್ಮ," ಎಂದಳು ಸ್ತಮೆಂಕಾ. "ಇಷ್ಟೇ ಬೇಕಿತ್ತು."